ಸಂಖ್ಯೆ ಮಾತ್ರ ಸಾಲದು, ಅದರ ಬಗೆಯೂ ತಿಳಿಯಬೇಕು: ಸ್ವೀಡನ್ನಿನ ದೇಶೀಯ ಪಾವತಿ ಮತ್ತು ವರ್ತಕರ ಹೊಣೆ

ವ್ಯಾಪಾರದ ಒಪ್ಪಂದವೊಂದು ಕುದುರುವಾಗ ದರ, ಗುಣಮಟ್ಟ, ಸರಕು ತಲುಪಿಸುವ ಅವಧಿ ಇವುಗಳ ಬಗ್ಗೆ ಉಭಯ ಪಕ್ಷಗಳೂ ದಿನಗಟ್ಟಲೆ ಚರ್ಚಿಸುತ್ತವೆ. ಆದರೆ ಇನ್‌ವಾಯ್ಸ್‌ನ ಕೊನೆಯಲ್ಲಿ ಬರುವ ಬ್ಯಾಂಕ್ ಖಾತೆಯ ವಿವರದ ಒಂದೆರಡು ಸಾಲುಗಳತ್ತ ಯಾರೂ ಗಮನ ಹರಿಸುವುದಿಲ್ಲ. ಅದು ಗುಮಾಸ್ತರ ಕೆಲಸ, ಹಳೆಯ ಬಿಲ್ಲಿನಿಂದ ನಕಲು ಮಾಡಿದರಾಯಿತು ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಮಾರಾಟವು ಪೂರ್ಣಗೊಳ್ಳುವುದು ಸರಕು ಗೋದಾಮಿನಿಂದ ಹೊರಟಾಗಲ್ಲ, ಹಣ ಖಾತೆಗೆ ಜಮೆಯಾದಾಗ. ಹಣ ಬರುವ ದಾರಿಯನ್ನು ತೋರಿಸುವ ಸಾಲು ತಪ್ಪಾಗಿದ್ದರೆ ಉಳಿದೆಲ್ಲ ಶ್ರಮ ಅತಂತ್ರವಾಗುತ್ತದೆ.

ಈ ಮಾತಿಗೆ ಸ್ವೀಡನ್ ದೇಶದ ದೇಶೀಯ ಪಾವತಿ ಪದ್ಧತಿಗಿಂತ ಉತ್ತಮ ನಿದರ್ಶನ ದೊರೆಯಲಾರದು. 1661ರಲ್ಲಿ ಯೂರೋಪಿನ ಮೊದಲ ಬ್ಯಾಂಕ್ ನೋಟುಗಳು ಹೊರಬಂದದ್ದು ಸ್ಟಾಕ್‌ಹೋಮಿನಲ್ಲಿ. 1668ರಲ್ಲಿ ಸ್ಥಾಪನೆಯಾದ ಅಲ್ಲಿನ ರಿಕ್ಸ್‌ಬ್ಯಾಂಕ್ ಜಗತ್ತಿನ ಅತ್ಯಂತ ಹಳೆಯ ಕೇಂದ್ರ ಬ್ಯಾಂಕು. ಇಂದು ನಗದಿನ ಬಳಕೆ ತೀರಾ ಕಡಿಮೆಯಾಗಿರುವ ದೇಶಗಳಲ್ಲಿ ಸ್ವೀಡನ್ ಮುಂಚೂಣಿಯಲ್ಲಿದೆ. ಅಂದರೆ ಅಲ್ಲಿ ಬಹುತೇಕ ಎಲ್ಲ ವ್ಯವಹಾರವೂ ಖಾತೆಯಿಂದ ಖಾತೆಗೆ, ಸಂಖ್ಯೆಯಿಂದ ಸಂಖ್ಯೆಗೆ ನಡೆಯುತ್ತದೆ. ಇಂತಹ ದೇಶದಲ್ಲಿಯೂ ಖಾತೆಯ ವಿವರವನ್ನು ಸರಿಯಾಗಿ ಬರೆಯುವುದು ಒಂದು ವಿದ್ಯೆಯಾಗಿಯೇ ಉಳಿದಿದೆ.

ಕರ್ನಾಟಕಕ್ಕೂ ಸ್ವೀಡನ್ನಿಗೂ ಇರುವ ವ್ಯವಹಾರ ಸಂಬಂಧ ಹೊಸದಲ್ಲ. ಹೊಸಕೋಟೆಯ ವೋಲ್ವೊ ಕಾರ್ಖಾನೆ ಎಲ್ಲರಿಗೂ ಪರಿಚಿತ. ಸ್ವೀಡನ್ನಿನಲ್ಲಿ ಅಂಗಸಂಸ್ಥೆ ತೆರೆದವರು, ಅಲ್ಲಿನ ಪ್ರತಿನಿಧಿಯ ಮೂಲಕ ಮಾರಾಟ ಮಾಡುವವರು, ಅಲ್ಲಿಯೇ ನೆಲೆಸಿ ಅಂಗಡಿ ಅಥವಾ ಸೇವಾ ಸಂಸ್ಥೆ ನಡೆಸುವ ಕನ್ನಡಿಗರು, ಇವರೆಲ್ಲರೂ ಗೋದಾಮಿನ ಬಾಡಿಗೆ, ಸಾಗಣೆ ವೆಚ್ಚ, ನೌಕರರ ಸಂಬಳ, ತೆರಿಗೆ ಮೊದಲಾದವುಗಳನ್ನು ಅಲ್ಲಿನ ದೇಶೀಯ ಪದ್ಧತಿಯಲ್ಲಿಯೇ ಪಾವತಿಸಬೇಕಾಗುತ್ತದೆ, ಅದೇ ಪದ್ಧತಿಯಲ್ಲಿಯೇ ಹಣ ಪಡೆಯಬೇಕಾಗುತ್ತದೆ. ಅವರಿಗೆ ಈ ವಿಷಯ ನೇರವಾಗಿ ಅನ್ವಯಿಸುತ್ತದೆ. ಉಳಿದವರಿಗೂ ಇದರಲ್ಲಿ ಪಾಠವಿದೆ. ಒಂದು ಸಂಖ್ಯೆಯನ್ನು ಕೊಡುವಾಗ ಅದು ಯಾವ ಬಗೆಯ ಸಂಖ್ಯೆ ಎಂಬುದನ್ನೂ ಹೇಳಬೇಕು. ಬಗೆ ಹೇಳದ ಸಂಖ್ಯೆ ಅರ್ಧ ವಿಳಾಸವಷ್ಟೇ. ಈ ಹೊಣೆ ಹಣ ಕಳುಹಿಸುವವರಿಗಿಂತ ಮೊದಲು ಹಣ ಪಡೆಯುವವರದು.

ಖಾತೆಗೆ ಎರಡು ಭಾಗ

ಸ್ವೀಡನ್ನಿನ ಬ್ಯಾಂಕ್ ಖಾತೆಯನ್ನು ಗುರುತಿಸಲು ಎರಡು ಅಂಶಗಳು ಬೇಕು. ಮೊದಲನೆಯದು ನಾಲ್ಕು ಅಂಕಿಗಳ ಕ್ಲಿಯರಿಂಗ್ ಸಂಖ್ಯೆ, ಎರಡನೆಯದು ಖಾತೆ ಸಂಖ್ಯೆ. ಭಾರತದ ವರ್ತಕರು ಐಎಫ್‌ಎಸ್‌ಸಿ ಸಂಕೇತವನ್ನು ನೆನಪಿಸಿಕೊಂಡರೆ ಕ್ಲಿಯರಿಂಗ್ ಸಂಖ್ಯೆಯ ಉದ್ದೇಶ ಸುಲಭವಾಗಿ ಅರ್ಥವಾಗುತ್ತದೆ. ಐಎಫ್‌ಎಸ್‌ಸಿಯಲ್ಲಿ ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನು ಸೂಚಿಸುವಂತೆ, ಇಲ್ಲಿ ಕ್ಲಿಯರಿಂಗ್ ಸಂಖ್ಯೆ ಯಾವ ಶ್ರೇಣಿಯಲ್ಲಿದೆ ಎಂಬುದು ಬ್ಯಾಂಕನ್ನು ಸೂಚಿಸುತ್ತದೆ. 5000ದಿಂದ 5999ರವರೆಗಿನ ಶ್ರೇಣಿ ಎಸ್‌ಇಬಿ ಬ್ಯಾಂಕಿನದು. 6000ದಿಂದ 6999ರವರೆಗಿನದು ಹಂಡೆಲ್ಸ್‌ಬ್ಯಾಂಕೆನ್‌ನದು. 7000 ಮತ್ತು 8000ದ ಎರಡು ಶ್ರೇಣಿಗಳೂ ಸ್ವೆಡ್‌ಬ್ಯಾಂಕ್ ಹಾಗೂ ಅದರೊಡನೆ ಸಹಕರಿಸುವ ಉಳಿತಾಯ ಬ್ಯಾಂಕುಗಳಿಗೆ ಸೇರಿವೆ.

ಒಂದೇ ಬ್ಯಾಂಕಿಗೆ ಎರಡು ಶ್ರೇಣಿ ಏಕೆಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. ರೈತರ ಸಹಕಾರ ಚಳವಳಿಯಿಂದ ಬೆಳೆದ ಫರೆನಿಂಗ್ಸ್‌ಬ್ಯಾಂಕೆನ್ ಮತ್ತು ಊರೂರುಗಳ ಉಳಿತಾಯ ಬ್ಯಾಂಕುಗಳಿಂದ ರೂಪುಗೊಂಡ ಸ್ಪಾರ್‌ಬ್ಯಾಂಕೆನ್ 1997ರಲ್ಲಿ ಒಂದಾದವು. ಆ ಸಂಸ್ಥೆ 2006ರಲ್ಲಿ ಸ್ವೆಡ್‌ಬ್ಯಾಂಕ್ ಎಂಬ ಹೆಸರು ತಳೆಯಿತು. ಹೆಸರು ಒಂದಾದರೂ ಸಂಖ್ಯೆಗಳು ಒಂದಾಗಲಿಲ್ಲ. 7000ದ ಶ್ರೇಣಿಯ ಖಾತೆಗಳು ಏಳು ಅಂಕಿಗಳವು, 8000ದ ಶ್ರೇಣಿಯ ಖಾತೆಗಳು ಹತ್ತು ಅಂಕಿಗಳವರೆಗೂ ಹೋಗಬಹುದು.

ಹೀಗಾಗಿ ಖಾತೆ ಸಂಖ್ಯೆಯ ಉದ್ದವೂ ಏಕರೂಪವಾಗಿಲ್ಲ. ಸಾಮಾನ್ಯವಾಗಿ ಏಳು ಅಂಕಿ, ಹಂಡೆಲ್ಸ್‌ಬ್ಯಾಂಕೆನ್‌ನಲ್ಲಿ ಒಂಬತ್ತು ಅಂಕಿ, ಇನ್ನು ಕೆಲವೆಡೆ ಹತ್ತು ಅಂಕಿ. ನೊರ್ಡಿಯಾ ಬ್ಯಾಂಕಿನ ವೈಯಕ್ತಿಕ ಖಾತೆಗಳದು ಮತ್ತೊಂದು ವಿಶೇಷ. ಅಲ್ಲಿ ಕ್ಲಿಯರಿಂಗ್ ಸಂಖ್ಯೆ 3300 ಆಗಿದ್ದು, ಖಾತೆದಾರರ ಹತ್ತು ಅಂಕಿಗಳ ನಾಗರಿಕ ಗುರುತಿನ ಸಂಖ್ಯೆಯೇ ಖಾತೆ ಸಂಖ್ಯೆಯಾಗಿರುತ್ತದೆ. ನೌಕರರಿಗೆ ಸಂಬಳ ಬಟವಾಡೆ ಮಾಡುವವರು ಇದನ್ನು ಅರಿತಿರಬೇಕು. ನೌಕರರು ಕೊಟ್ಟದ್ದು ಗುರುತಿನ ಸಂಖ್ಯೆಯೋ ಖಾತೆ ಸಂಖ್ಯೆಯೋ ಎಂಬ ಸಂಶಯಕ್ಕೆ, ಮುಂದೆ 3300 ಎಂಬ ನಾಲ್ಕು ಅಂಕಿಗಳಿದ್ದರೆ ಮಾತ್ರ ಪರಿಹಾರ ದೊರೆಯುತ್ತದೆ.

ಐದನೆಯ ಅಂಕಿಯ ತೊಡಕು

ಕ್ಲಿಯರಿಂಗ್ ಸಂಖ್ಯೆ ನಾಲ್ಕು ಅಂಕಿಗಳದು ಎಂಬ ನಿಯಮಕ್ಕೆ ಒಂದು ಪ್ರಮುಖ ಅಪವಾದವಿದೆ. 8ರಿಂದ ಆರಂಭವಾಗುವ ಸ್ವೆಡ್‌ಬ್ಯಾಂಕ್ ಮತ್ತು ಉಳಿತಾಯ ಬ್ಯಾಂಕುಗಳ ಸಂಖ್ಯೆಗೆ ಅಡ್ಡಗೆರೆಯ ನಂತರ ಐದನೆಯ ಅಂಕಿಯೊಂದು ಸೇರಿಕೊಂಡಿರುತ್ತದೆ. ಅದು ಮೊದಲ ನಾಲ್ಕು ಅಂಕಿಗಳು ಸರಿಯೇ ಎಂದು ಪರೀಕ್ಷಿಸಲು ಇಟ್ಟ ತಾಳೆ ಅಂಕಿ. ಕೆಲವು ಅರ್ಜಿ ನಮೂನೆಗಳು ಐದು ಅಂಕಿಗಳನ್ನೂ ಕೇಳುತ್ತವೆ, ಕೆಲವು ನಾಲ್ಕನ್ನಷ್ಟೇ ಸ್ವೀಕರಿಸುತ್ತವೆ. ನಾಲ್ಕಕ್ಕೆ ಮಾತ್ರ ಸ್ಥಳವಿದ್ದರೆ ಐದನೆಯದನ್ನು ಬಿಟ್ಟುಬಿಡಬೇಕು, ಅದನ್ನು ಖಾತೆ ಸಂಖ್ಯೆಯ ಮೊದಲಿಗೆ ತಳ್ಳಬಾರದು.

ತಪ್ಪು ಹೆಚ್ಚಾಗಿ ಸಂಭವಿಸುವುದು ಇಲ್ಲಿಯೇ. ಕ್ಲಿಯರಿಂಗ್ ಸಂಖ್ಯೆಯನ್ನೂ ಖಾತೆ ಸಂಖ್ಯೆಯನ್ನೂ ಅಂತರವಿಲ್ಲದೆ ಒಂದೇ ಸಾಲಾಗಿ ಬರೆದುಕೊಟ್ಟರೆ, ಐದನೆಯ ಅಂಕಿ ಯಾವ ಭಾಗಕ್ಕೆ ಸೇರಿದ್ದೆಂದು ಓದುವವರಿಗೆ ತಿಳಿಯುವ ಬಗೆಯೇ ಇಲ್ಲ. ಖಾತೆ ಸಂಖ್ಯೆ ಹತ್ತು ಅಂಕಿಗಳಿಗಿಂತ ಚಿಕ್ಕದಾಗಿದ್ದಾಗ ಈ ಗೊಂದಲ ಇನ್ನೂ ಹೆಚ್ಚು. ಅಂತಹ ಸಂದರ್ಭದಲ್ಲಿ ಹತ್ತು ಅಂಕಿಗಳನ್ನು ಕೇಳುವ ಕಡೆ ಸೊನ್ನೆಗಳನ್ನು ತುಂಬಬೇಕಾದ ಸ್ಥಾನ ಕ್ಲಿಯರಿಂಗ್ ಸಂಖ್ಯೆಗೂ ಖಾತೆ ಸಂಖ್ಯೆಗೂ ನಡುವೆ. ಕೊನೆಗೆ ಸೊನ್ನೆ ಸೇರಿಸಿದರೆ ಅದು ಬೇರೆಯೇ ಸಂಖ್ಯೆಯಾಗುತ್ತದೆ. ಎಡಕ್ಕೆ ಸೇರಿಸಿದ ಸೊನ್ನೆಗೆ ಬೆಲೆಯಿಲ್ಲ, ಬಲಕ್ಕೆ ಸೇರಿಸಿದ ಸೊನ್ನೆ ಹತ್ತು ಪಟ್ಟು ಎಂಬ ಶಾಲೆಯ ಗಣಿತವೇ ಇಲ್ಲಿ ಕೆಲಸ ಮಾಡುತ್ತದೆ.

ಲೆಕ್ಕದ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಇಡುವವರು ಇನ್ನೊಂದು ಎಚ್ಚರ ವಹಿಸಬೇಕು. ಎಕ್ಸೆಲ್‌ನಂತಹ ತಂತ್ರಾಂಶಗಳು ಖಾತೆ ಸಂಖ್ಯೆಯನ್ನು ಮೊತ್ತವೆಂದು ಭಾವಿಸಿ, ಆರಂಭದ ಸೊನ್ನೆಗಳನ್ನು ಅಳಿಸಿಹಾಕುತ್ತವೆ. ಖಾತೆ ಸಂಖ್ಯೆಯು ಕೂಡುವ ಕಳೆಯುವ ಸಂಖ್ಯೆಯಲ್ಲ, ಅದು ಅಂಕಿಗಳಲ್ಲಿ ಬರೆದ ಹೆಸರು. ಆ ಅಂಕಣವನ್ನು ಮೊದಲೇ ಪಠ್ಯವೆಂದು ಗುರುತಿಸಿಡುವುದು ಲೇಸು.

ಗಿರೋ ಸಂಖ್ಯೆ: ಖಾತೆಯಲ್ಲ, ವಿಳಾಸ

ಸ್ವೀಡನ್ನಿನ ಕಂಪನಿಗಳು ತಮ್ಮ ಇನ್‌ವಾಯ್ಸ್‌ಗಳಲ್ಲಿ ಖಾತೆ ಸಂಖ್ಯೆಯನ್ನು ಮುದ್ರಿಸುವುದು ಅಪರೂಪ. ಅಲ್ಲಿ ಕಾಣುವುದು ಬ್ಯಾಂಕ್‌ಗಿರೋ ಸಂಖ್ಯೆ. ಈ ಪದ್ಧತಿಯನ್ನು ನಡೆಸಲು ಅಲ್ಲಿನ ಬ್ಯಾಂಕುಗಳು 1959ರಲ್ಲಿ ಜಂಟಿ ಸಂಸ್ಥೆಯೊಂದನ್ನು ಕಟ್ಟಿದವು. ಅದಕ್ಕೂ ಮೊದಲು, 1925ರಿಂದಲೇ, ಅಂಚೆ ಇಲಾಖೆಯ ಪೋಸ್ಟ್‌ಗಿರೋ ಪದ್ಧತಿ ಚಾಲನೆಯಲ್ಲಿತ್ತು. 2001ರಲ್ಲಿ ಅದು ನೊರ್ಡಿಯಾ ಬ್ಯಾಂಕಿನ ಒಡೆತನಕ್ಕೆ ಬಂದು, ಬಳಿಕ ಪ್ಲಸ್‌ಗಿರೋ ಎಂಬ ಹೆಸರು ಪಡೆಯಿತು.

ಬ್ಯಾಂಕ್‌ಗಿರೋ ಸಂಖ್ಯೆಯ ತಿರುಳು ಒಂದೇ ಮಾತಿನಲ್ಲಿದೆ: ಅದು ಖಾತೆಯಲ್ಲ, ಖಾತೆಯತ್ತ ಬೊಟ್ಟು ಮಾಡುವ ವಿಳಾಸ. ಸಂಖ್ಯೆಯ ಹಿಂದೆ ಯಾವ ಬ್ಯಾಂಕಿನ ಯಾವ ಖಾತೆಯಿದೆ ಎಂಬುದು ಹಣ ಕಳುಹಿಸುವವರಿಗೆ ತಿಳಿಯಬೇಕಾಗಿಲ್ಲ. ಕಂಪನಿಯು ಒಂದು ಬ್ಯಾಂಕನ್ನು ಬಿಟ್ಟು ಮತ್ತೊಂದಕ್ಕೆ ಹೋದರೂ ಅದೇ ಬ್ಯಾಂಕ್‌ಗಿರೋ ಸಂಖ್ಯೆಯನ್ನು ಹೊಸ ಖಾತೆಗೆ ಜೋಡಿಸಿಕೊಳ್ಳಬಹುದು. ಗಿರಾಕಿಗಳಿಗೆ ಸುತ್ತೋಲೆ ಕಳುಹಿಸುವ, ಬಿಲ್ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸುವ ತಾಪತ್ರಯವಿಲ್ಲ.

ಇದರ ಬೆಲೆ ಕರ್ನಾಟಕದ ವರ್ತಕರಿಗೆ ಚೆನ್ನಾಗಿ ಅರಿವಾಗಬೇಕು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಕರಗಿಹೋದವು. 2021ರ ಜುಲೈ 1ರಿಂದ ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಅಮಾನ್ಯವಾದವು. ಖಾತೆದಾರರು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಲೆಟರ್‌ಹೆಡ್ಡು, ಇನ್‌ವಾಯ್ಸ್, ಗಿರಾಕಿಗಳ ಕಡತ ಎಲ್ಲವನ್ನೂ ತಿದ್ದುವ ಹೊರೆ ಅವರ ಮೇಲೆಯೇ ಬಿತ್ತು. ಬ್ಯಾಂಕಿಗೆ ಅಂಟಿಕೊಂಡ ಸಂಖ್ಯೆಗೂ ವ್ಯಾಪಾರಿಗೆ ಅಂಟಿಕೊಂಡ ಸಂಖ್ಯೆಗೂ ಇರುವ ವ್ಯತ್ಯಾಸ ಇದು. ಭಾರತದಲ್ಲಿಯೂ 2017ರಲ್ಲಿ ರಿಸರ್ವ್ ಬ್ಯಾಂಕಿನ ಅಂದಿನ ಉಪ ಗವರ್ನರ್ ಎಸ್. ಎಸ್. ಮುಂದ್ರಾ ಅವರು ಬ್ಯಾಂಕ್ ಬದಲಾದರೂ ಖಾತೆ ಸಂಖ್ಯೆ ಉಳಿಯುವ ವ್ಯವಸ್ಥೆಯ ವಿಚಾರವನ್ನು ಪ್ರಸ್ತಾಪಿಸಿದ್ದರು. ವಾಣಿಜ್ಯ ಸಂಸ್ಥೆಗಳು ಆ ಬೇಡಿಕೆಯನ್ನು ಜೀವಂತವಾಗಿಡುವುದು ಉಚಿತ.

ಅಡ್ಡಗೆರೆಯೇ ಗುರುತು

ಬ್ಯಾಂಕ್‌ಗಿರೋ ಸಂಖ್ಯೆಯಲ್ಲಿ ಏಳು ಅಥವಾ ಎಂಟು ಅಂಕಿಗಳಿರುತ್ತವೆ. ಅಡ್ಡಗೆರೆಯು ಕೊನೆಯ ನಾಲ್ಕು ಅಂಕಿಗಳ ಮುಂಚೆ ಬರುತ್ತದೆ. ಪ್ಲಸ್‌ಗಿರೋ ಸಂಖ್ಯೆಯಲ್ಲಿ ಎರಡರಿಂದ ಎಂಟು ಅಂಕಿಗಳಿದ್ದು, ಅಡ್ಡಗೆರೆಯು ಕೊನೆಯ ಒಂದೇ ಅಂಕಿಯ ಮುಂಚೆ ಬರುತ್ತದೆ. ನೋಡಲು ಇದು ಬರಿಯ ಅಲಂಕಾರದಂತೆ ಕಂಡರೂ ಎರಡು ಬಗೆಗಳನ್ನು ಬೇರ್ಪಡಿಸುವ ಕಣ್ಣಿಗೆ ಕಾಣುವ ಗುರುತು ಇದೊಂದೇ.

ಉದಾಹರಣೆಗಾಗಿ ಕಟ್ಟಿಕೊಂಡ 1234566 ಎಂಬ ಸಂಖ್ಯೆಯನ್ನು ಪರಿಶೀಲಿಸಬಹುದು. 123-4566 ಎಂದು ಬರೆದರೆ ಅದು ಬ್ಯಾಂಕ್‌ಗಿರೋ. 12 34 56-6 ಎಂದು ಬರೆದರೆ ಪ್ಲಸ್‌ಗಿರೋ. ಎರಡೂ ಪದ್ಧತಿಗಳಲ್ಲಿ ಕೊನೆಯ ಅಂಕಿಯನ್ನು ಪರೀಕ್ಷಿಸುವ ಸೂತ್ರ ಒಂದೇ ಆಗಿರುವುದರಿಂದ, ಒಂದರಲ್ಲಿ ಸರಿಯೆನಿಸಿದ ಸಂಖ್ಯೆ ಇನ್ನೊಂದರಲ್ಲಿಯೂ ಸರಿಯೆಂದೇ ತೋರುತ್ತದೆ. ಅಡ್ಡಗೆರೆಯನ್ನು ಕೈಬಿಟ್ಟು, ಬಗೆಯನ್ನೂ ಬರೆಯದೆ ಬರಿಯ ಏಳು ಅಂಕಿಗಳನ್ನು ಕೊಟ್ಟರೆ ಕಂಪ್ಯೂಟರು ತಪ್ಪು ಹಿಡಿಯಲಾರದು. ಆ ಏಳು ಅಂಕಿಗಳು ಎರಡು ಪದ್ಧತಿಗಳಲ್ಲಿ ಸಂಬಂಧವೇ ಇಲ್ಲದ ಇಬ್ಬರ ಹೆಸರಿನಲ್ಲಿ ಇರಬಹುದು. ಏಳು ಅಂಕಿಗಳ ಸಾಮಾನ್ಯ ಖಾತೆ ಸಂಖ್ಯೆಗಳೂ ಇವೆ ಎಂಬುದನ್ನು ನೆನೆದರೆ ಗೊಂದಲದ ವ್ಯಾಪ್ತಿ ಸ್ಪಷ್ಟವಾಗುತ್ತದೆ. ಇನ್ನು ಕಂಪನಿಯ ಹತ್ತು ಅಂಕಿಗಳ ನೋಂದಣಿ ಸಂಖ್ಯೆ, ಅದರ ಹಿಂದೆ ದೇಶದ ಸಂಕೇತವನ್ನೂ ಮುಂದೆ 01 ಎಂಬ ಅಂಕಿಗಳನ್ನೂ ಸೇರಿಸಿ ಮಾಡಿದ ವ್ಯಾಟ್ ಸಂಖ್ಯೆ, ಇವೂ ಅದೇ ಇನ್‌ವಾಯ್ಸ್‌ನ ತಳದಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಇವುಗಳಲ್ಲಿ ಯಾವುದಕ್ಕೂ ಹಣ ಕಳುಹಿಸಲಾಗದು.

ಬ್ಯಾಂಕ್‌ಗಿರೋದಲ್ಲಿ ಒಂದು ಅನುಕೂಲವುಂಟು. ಸಂಖ್ಯೆಯನ್ನು ಕೊಟ್ಟರೆ ಅದು ಯಾವ ಸಂಸ್ಥೆಯದೆಂದು ಸಾರ್ವಜನಿಕವಾಗಿ ಹುಡುಕಿ ನೋಡುವ ಸೌಲಭ್ಯವಿದೆ. ಹಣ ಕಳುಹಿಸುವ ಮುನ್ನ ಅರ್ಧ ನಿಮಿಷ ವ್ಯಯಿಸಿ ಹೆಸರನ್ನು ತಾಳೆ ನೋಡುವ ಅಭ್ಯಾಸ ಲೆಕ್ಕಪತ್ರ ವಿಭಾಗದಲ್ಲಿ ಇರಬೇಕು. ‘ನಮ್ಮ ಬ್ಯಾಂಕ್ ವಿವರ ಬದಲಾಗಿದೆ’ ಎಂದು ಬರುವ ನಕಲಿ ಪತ್ರಗಳ ವಿರುದ್ಧ ಇದು ಅಗ್ಗದ, ಆದರೆ ಪರಿಣಾಮಕಾರಿಯಾದ ರಕ್ಷಣೆ.

ತಾಳೆ ಅಂಕಿ ಎಷ್ಟರಮಟ್ಟಿಗೆ ಕಾಯುತ್ತದೆ?

ಸ್ವೀಡನ್ನಿನ ಇನ್‌ವಾಯ್ಸ್‌ನಲ್ಲಿ ಗಿರೋ ಸಂಖ್ಯೆಯ ಪಕ್ಕದಲ್ಲಿ ಓಸಿಆರ್ ಸಂಖ್ಯೆ ಎಂಬುದೊಂದು ಇರುತ್ತದೆ. ಇದು ಹಣ ಯಾರಿಗೆ ಎಂಬುದನ್ನಲ್ಲ, ಯಾವ ಬಿಲ್ಲಿನ ಬಾಬ್ತು ಎಂಬುದನ್ನು ಹೇಳುತ್ತದೆ. ಇದರಲ್ಲಿ 2ರಿಂದ 25 ಅಂಕಿಗಳವರೆಗೆ ಇರಬಹುದು, ಕೊನೆಯದು ತಾಳೆ ಅಂಕಿ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವರು 1954ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ ಸೂತ್ರವೇ ಇದಕ್ಕೆ ಆಧಾರ. ಕ್ರೆಡಿಟ್ ಕಾರ್ಡುಗಳ ಸಂಖ್ಯೆಗೂ ಅದೇ ಸೂತ್ರ.

ಇನ್‌ವಾಯ್ಸ್ ಸಂಖ್ಯೆ 20417 ಎಂದಿರಲಿ. ಬಲದಿಂದ ಆರಂಭಿಸಿ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಬೇಕು, ಗುಣಲಬ್ಧ ಎರಡು ಅಂಕಿಗಳಾದರೆ ಆ ಎರಡನ್ನೂ ಕೂಡಬೇಕು. 7 ಇಮ್ಮಡಿಯಾಗಿ 14, ಅಂದರೆ 5. ನಂತರ 1 ಹಾಗೆಯೇ. 4 ಇಮ್ಮಡಿಯಾಗಿ 8. ಸೊನ್ನೆ ಹಾಗೆಯೇ. 2 ಇಮ್ಮಡಿಯಾಗಿ 4. ಒಟ್ಟು 18. ಮುಂದಿನ ಹತ್ತರ ಗುಣಕವಾದ 20ನ್ನು ಮುಟ್ಟಲು 2 ಬೇಕು, ಅದೇ ತಾಳೆ ಅಂಕಿ. ಓಸಿಆರ್ ಸಂಖ್ಯೆ 204172 ಆಗುತ್ತದೆ. ಗುಮಾಸ್ತರು ಅಂಕಿಗಳನ್ನು ಹಿಂದುಮುಂದು ಮಾಡಿ 240172 ಎಂದು ಒತ್ತಿದರೆ ಮೊತ್ತ 14 ಆಗಿ, ತಾಳೆ ಅಂಕಿ 6 ಇರಬೇಕಾಗಿತ್ತೆಂದು ಯಂತ್ರವು ತಕ್ಷಣ ತಡೆಯುತ್ತದೆ.

ಇದು ಮೆಚ್ಚತಕ್ಕ ವ್ಯವಸ್ಥೆ. ಒಂದು ಅಂಕಿ ತಪ್ಪಿದರೆ ಈ ಸೂತ್ರ ತಪ್ಪದೆ ಹಿಡಿಯುತ್ತದೆ. ಪಕ್ಕಪಕ್ಕದ ಅಂಕಿಗಳು ಅದಲುಬದಲಾದರೆ, 09 ಮತ್ತು 90ರ ಜೋಡಿಯೊಂದನ್ನು ಬಿಟ್ಟು, ಉಳಿದೆಲ್ಲವನ್ನೂ ಹಿಡಿಯುತ್ತದೆ. ಆದರೆ ಹಲವು ಅಂಕಿಗಳು ಒಮ್ಮೆಗೆ ಪಲ್ಲಟವಾದರೆ, ತಪ್ಪು ಸಂಖ್ಯೆಯೂ ಹತ್ತರಲ್ಲಿ ಒಂದು ಬಾರಿ ಪರೀಕ್ಷೆಯಲ್ಲಿ ಉತ್ತೀರ್ಣವಾಗಬಲ್ಲದು. ತಾಳೆ ಅಂಕಿಯು ಇಂತಹ ಸಂಖ್ಯೆ ಇರಲು ಸಾಧ್ಯ ಎಂದಷ್ಟೇ ಹೇಳುತ್ತದೆ. ಅದು ಯಾರದೆಂದು ಹೇಳುವುದಿಲ್ಲ.

ನೆರೆಯ ನಾರ್ವೆಯಲ್ಲಿ 2000ದ ದಶಕದಲ್ಲಿ ನಡೆದ ಪ್ರಸಂಗ ಇದಕ್ಕೆ ಸಾಕ್ಷಿ. ಮಹಿಳೆಯೊಬ್ಬರು ಅಂತರಜಾಲ ಬ್ಯಾಂಕಿಂಗ್ ಮೂಲಕ ಮಗಳ ಖಾತೆಗೆ 5 ಲಕ್ಷ ಕ್ರೋನರ್ ಕಳುಹಿಸುವಾಗ, ಸಂಖ್ಯೆಯಲ್ಲಿದ್ದ 5 ಎಂಬ ಅಂಕಿಯನ್ನು ಒಂದು ಸಲ ಹೆಚ್ಚಾಗಿ ಒತ್ತಿದರು. ನಾರ್ವೆಯ ಖಾತೆ ಸಂಖ್ಯೆಗೆ 11 ಅಂಕಿಗಳು. ಹನ್ನೆರಡನೆಯದನ್ನು ಬ್ಯಾಂಕಿನ ವ್ಯವಸ್ಥೆ ಸದ್ದಿಲ್ಲದೆ ಕತ್ತರಿಸಿಹಾಕಿತು. ಉಳಿದ 11 ಅಂಕಿಗಳು ತಾಳೆ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ, ಹಣ ಅಪರಿಚಿತರೊಬ್ಬರ ಪಾಲಾಯಿತು. ತಾಂತ್ರಿಕ ರಕ್ಷಣೆ ಇದ್ದೂ ನಷ್ಟ ತಪ್ಪಲಿಲ್ಲ.

ಕಾನೂನು ಯಾವ ಕಡೆ ನಿಲ್ಲುತ್ತದೆ?

ತಪ್ಪು ಸಂಭವಿಸಿದಾಗ ಬ್ಯಾಂಕು ಹಣ ಹಿಂದಿರುಗಿಸುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಕಾನೂನು ಹಾಗೆ ಹೇಳುವುದಿಲ್ಲ. ಯೂರೋಪಿಯನ್ ಒಕ್ಕೂಟದ 2015ರ ಎರಡನೆಯ ಪಾವತಿ ಸೇವಾ ನಿರ್ದೇಶನದ 88ನೆಯ ವಿಧಿಯ ಪ್ರಕಾರ, ಗ್ರಾಹಕರು ಕೊಟ್ಟ ಖಾತೆಯ ಗುರುತು ಸಂಖ್ಯೆಗೆ ಹಣ ತಲುಪಿದರೆ ಬ್ಯಾಂಕು ತನ್ನ ಕರ್ತವ್ಯವನ್ನು ನೆರವೇರಿಸಿದಂತೆಯೇ. ಸಂಖ್ಯೆ ತಪ್ಪಾಗಿದ್ದರೆ ಬ್ಯಾಂಕು ಹೊಣೆಯಲ್ಲ. ಹಣ ಮರಳಿ ಪಡೆಯಲು ಅದು ತಕ್ಕ ಪ್ರಯತ್ನ ಮಾಡಬೇಕು, ಒಪ್ಪಂದದಲ್ಲಿ ಅವಕಾಶವಿದ್ದರೆ ಅದಕ್ಕೆ ಶುಲ್ಕವನ್ನೂ ವಿಧಿಸಬಹುದು. ಜೊತೆಗೆ ಹೆಸರು ಮತ್ತಿತರ ವಿವರ ಕೊಟ್ಟಿದ್ದರೂ ಸಂಖ್ಯೆಯೇ ಪ್ರಮಾಣ.

ಭಾರತದಲ್ಲಿಯೂ ಇದೇ ತತ್ತ್ವ ಜಾರಿಯಲ್ಲಿದೆ. ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಹಣ ಜಮೆ ಮಾಡಬಹುದೆಂದು ರಿಸರ್ವ್ ಬ್ಯಾಂಕು 2010ರ ಅಕ್ಟೋಬರಿನಲ್ಲಿ ಸೂಚಿಸಿತ್ತು. ಅನುಭವವು ಕಲಿಸಿದ ನಂತರ, ಆರ್‌ಟಿಜಿಎಸ್ ಮತ್ತು ನೆಫ್ಟ್ ಪಾವತಿಗೆ ಮುನ್ನ ಫಲಾನುಭವಿಯ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ 2024ರ ಡಿಸೆಂಬರಿನಲ್ಲಿ ಆದೇಶಿಸಿತು. ಯೂರೋಪಿನಲ್ಲಿಯೂ 2024ರ ಹೊಸ ನಿಯಮದಂತೆ ಯೂರೊ ಬಳಸುವ ದೇಶಗಳ ಬ್ಯಾಂಕುಗಳು 2025ರ ಅಕ್ಟೋಬರ್ 9ರಿಂದ ಹೆಸರು ಮತ್ತು ಖಾತೆಯನ್ನು ತಾಳೆ ನೋಡಬೇಕು. ಸ್ವೀಡನ್ನಿನಂತೆ ಸ್ವಂತ ನಾಣ್ಯವಿರುವ ದೇಶಗಳಿಗೆ 2027ರ ಜುಲೈವರೆಗೆ ಕಾಲಾವಕಾಶವಿದೆ. ಆದರೆ ಆ ನಿಯಮ ಯೂರೊ ಪಾವತಿಗೆ ಸಂಬಂಧಿಸಿದ್ದು, ಕ್ರೋನಾ ಪಾವತಿಯನ್ನು ನೇರವಾಗಿ ಒಳಗೊಳ್ಳುವುದಿಲ್ಲ.

ಹೊಣೆ ಕಳುಹಿಸುವವರದೆಂದು ಕಾನೂನು ಹೇಳುವಾಗ ಪಡೆಯುವವರು ಏಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರುಂಟು. ಉತ್ತರ ಸರಳ. ಕಾನೂನಿನ ಹೊಣೆ ಯಾರದೇ ಇರಲಿ, ಹಣವಿಲ್ಲದೆ ಕಾಯುವವರು ಪಡೆಯುವವರೇ. ದೊಡ್ಡ ಉದ್ದಿಮೆಗೆ ಒಂದು ತಿಂಗಳ ವಿಳಂಬ ಲೆಕ್ಕಪುಸ್ತಕದ ಒಂದು ಸಾಲು. ಸಣ್ಣ ತಯಾರಕರಿಗೆ ಅದು ಕಚ್ಚಾ ಸಾಮಗ್ರಿಯ ಖರೀದಿ, ಕಾರ್ಮಿಕರ ಸಂಬಳ, ಸಾಲದ ಬಡ್ಡಿ. ಗಿರಾಕಿ ಉತ್ತಮರೇ ಆಗಿದ್ದು, ಹಣವನ್ನು ಸಕಾಲದಲ್ಲಿಯೇ ಕಳುಹಿಸಿದ್ದೂ, ಅಸ್ಪಷ್ಟವಾಗಿ ಬರೆದ ಒಂದು ಸಾಲಿನಿಂದ ಸಂಬಂಧ ಹಳಸುವುದು ಯಾವ ವ್ಯಾಪಾರಿಗೂ ಲಾಭದಾಯಕವಲ್ಲ. ಬ್ಯಾಂಕಿನ ತಂತ್ರಾಂಶವೇ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ವಾದವೂ ನಿಲ್ಲದು. ತಂತ್ರಾಂಶಕ್ಕೆ ಅಂಕಿ ಕಾಣುತ್ತದೆ, ಬರೆದವರ ಉದ್ದೇಶ ಕಾಣುವುದಿಲ್ಲ.

ಗಡಿ ದಾಟುವಾಗ

ದೇಶೀಯ ಸಂಖ್ಯೆಗಳು ದೇಶದ ಗಡಿಯೊಳಗಷ್ಟೇ ಚಲಾವಣೆಯಾಗುತ್ತವೆ. ಬೆಂಗಳೂರಿನಿಂದ ಸ್ವೀಡನ್ನಿಗೆ ಹಣ ಕಳುಹಿಸಲು ಬ್ಯಾಂಕ್‌ಗಿರೋ ಸಂಖ್ಯೆ ಉಪಯೋಗಕ್ಕೆ ಬಾರದು. ಅದಕ್ಕೆ ಬ್ಯಾಂಕಿನ ಸ್ವಿಫ್ಟ್ ಸಂಕೇತವೂ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಾದ ಐಬಾನ್ ಕೂಡ ಬೇಕು. ಸ್ವೀಡನ್ನಿನ ಐಬಾನ್ ಒಟ್ಟು 24 ಸ್ಥಾನಗಳದು: ದೇಶದ ಎರಡು ಅಕ್ಷರಗಳು, ಎರಡು ತಾಳೆ ಅಂಕಿಗಳು, ಬ್ಯಾಂಕನ್ನು ಸೂಚಿಸುವ ಮೂರು ಅಂಕಿಗಳು, ಖಾತೆಗೆ ಸಂಬಂಧಿಸಿದ ಹದಿನೇಳು ಅಂಕಿಗಳು.

ಇದನ್ನು ದೇಶೀಯ ಸಂಖ್ಯೆಯಿಂದ ಕೈಯಾರೆ ಕಟ್ಟಲು ಯಾರೂ ಹೊರಡಬಾರದು. ಎಸ್‌ಇಬಿಯ ಐಬಾನ್‌ನಲ್ಲಿ ಕ್ಲಿಯರಿಂಗ್ ಸಂಖ್ಯೆ ಒಳಗೊಂಡಿರುತ್ತದೆ, ಹಂಡೆಲ್ಸ್‌ಬ್ಯಾಂಕೆನ್‌ನದರಲ್ಲಿ ಇರುವುದಿಲ್ಲ. ಬ್ಯಾಂಕು ಬರೆದುಕೊಟ್ಟ ಐಬಾನ್ ಅನ್ನೇ ಬಳಸಬೇಕು.

ಮೊತ್ತ ಬರೆಯುವ ರೀತಿಯಲ್ಲಿಯೂ ಎಚ್ಚರ ಅಗತ್ಯ. ಸ್ವೀಡನ್ನಿನಲ್ಲಿ ಅಲ್ಪವಿರಾಮವೇ ದಶಮಾಂಶದ ಗುರುತು, ಸಾವಿರಗಳನ್ನು ಬೇರ್ಪಡಿಸಲು ತೆರಪು ಬಿಡುತ್ತಾರೆ. ಹನ್ನೆರಡೂವರೆ ಸಾವಿರ ಕ್ರೋನಾವನ್ನು ಅಲ್ಲಿ 12 500,00 ಎಂದು ಬರೆಯುವುದು ರೂಢಿ. ಭಾರತದ ಕ್ರಮದಲ್ಲಿ 12,500 ಎಂದು ಬರೆದದ್ದನ್ನು ಹನ್ನೆರಡೂವರೆ ಕ್ರೋನಾ ಎಂದು ಓದುವ ಸಾಧ್ಯತೆ ಅಲ್ಲಗಳೆಯುವಂತಹುದಲ್ಲ. ದಿನಾಂಕವನ್ನು ಅಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುತ್ತಾರೆ. ವಾಯಿದೆಯ ದಿನವನ್ನು ಹಾಗೆಯೇ ಬರೆದರೆ ವಿವಾದಕ್ಕೆ ಎಡೆಯಿರದು.

ಆಗಬೇಕಾದ ಕೆಲಸ

ಸ್ವೀಡನ್ನಿನ ಪದ್ಧತಿ ನಿರ್ದುಷ್ಟವೆಂದು ಯಾರೂ ಹೇಳಲಾರರು. ಬ್ಯಾಂಕುಗಳ ವಿಲೀನ, ಅಂಚೆ ಇಲಾಖೆಯ ಪರಂಪರೆ, ಹಳೆಯ ಯಂತ್ರಗಳ ಮಿತಿ ಇವೆಲ್ಲವೂ ಸೇರಿ ಸಂಖ್ಯೆಗಳ ಸಂತೆಯನ್ನೇ ಸೃಷ್ಟಿಸಿವೆ. 2012ರ ಡಿಸೆಂಬರಿನಲ್ಲಿ ಆರಂಭವಾದ ಸ್ವಿಶ್ ಎಂಬ ಮೊಬೈಲ್ ಪಾವತಿ ವ್ಯವಸ್ಥೆಯು ಕಂಪನಿಗಳಿಗೆ 123ರಿಂದ ಆರಂಭವಾಗುವ ಮತ್ತೊಂದು ಬಗೆಯ ಸಂಖ್ಯೆಯನ್ನು ಸೇರಿಸಿತು. ಬ್ಯಾಂಕುಗಳು ಹಳೆಯ ಕಡತ ಮಾದರಿಗಳನ್ನು ಬಿಟ್ಟು ಐಎಸ್‌ಒ 20022 ಎಂಬ ಅಂತರರಾಷ್ಟ್ರೀಯ ಸಂದೇಶ ಮಾದರಿಯತ್ತ ಸಾಗುತ್ತಿವೆ. ಆ ಮಾದರಿಯಲ್ಲಿ ಪ್ರತಿಯೊಂದು ಸಂಖ್ಯೆಯ ಜೊತೆಯಲ್ಲೂ ಅದರ ಬಗೆಯನ್ನು ನಮೂದಿಸಲು ಪ್ರತ್ಯೇಕ ಸ್ಥಾನವಿದೆ ಎಂಬುದು ಅರ್ಥಪೂರ್ಣ. ಯಂತ್ರಗಳು ಕಲಿಯುತ್ತಿರುವ ಪಾಠವನ್ನು ವ್ಯಾಪಾರಿಗಳು ಕಲಿಯಲು ಹೊಸ ತಂತ್ರಾಂಶವೇನೂ ಬೇಕಿಲ್ಲ.

ಸ್ವೀಡನ್ನಿನೊಡನೆ ವ್ಯವಹರಿಸುವವರು ತಮ್ಮ ಇನ್‌ವಾಯ್ಸ್‌ನ ತಳಭಾಗವನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ಪ್ರತಿ ಸಂಖ್ಯೆಗೂ ಪ್ರತ್ಯೇಕ ಸಾಲಿದೆಯೇ, ಪ್ರತಿ ಸಾಲಿನ ಆರಂಭದಲ್ಲಿ ಅದರ ಬಗೆಯನ್ನು ಬರೆದಿದೆಯೇ, ಕ್ಲಿಯರಿಂಗ್ ಸಂಖ್ಯೆಯೂ ಖಾತೆ ಸಂಖ್ಯೆಯೂ ಬೇರೆಬೇರೆಯಾಗಿ ನಿಂತಿವೆಯೇ, ಅಡ್ಡಗೆರೆ ತನ್ನ ಸ್ಥಾನದಲ್ಲಿದೆಯೇ, ದೇಶದೊಳಗಿನ ಗಿರಾಕಿಗೆ ಗಿರೋ ಮತ್ತು ಓಸಿಆರ್, ಹೊರಗಿನವರಿಗೆ ಐಬಾನ್ ಮತ್ತು ಸ್ವಿಫ್ಟ್ ಸಂಕೇತ ಎಂಬ ವಿಂಗಡಣೆ ಇದೆಯೇ ಎಂದು ಪರೀಕ್ಷಿಸಬೇಕು. ಖಾತೆದಾರರ ಹೆಸರು ಬ್ಯಾಂಕಿನ ದಾಖಲೆಯಲ್ಲಿರುವಂತೆಯೇ ಇರಬೇಕು. ಹೊಸ ಗಿರಾಕಿಯಿಂದ ಮೊದಲ ಬಾರಿ ದೊಡ್ಡ ಮೊತ್ತ ಬರಬೇಕಾದಾಗ ಅಲ್ಪ ಮೊತ್ತವೊಂದನ್ನು ಮುಂಚಿತವಾಗಿ ಕಳುಹಿಸಿ ನೋಡುವಂತೆ ಕೋರುವುದರಲ್ಲಿ ಸಂಕೋಚ ಬೇಡ. ಬ್ಯಾಂಕ್ ವಿವರ ಬದಲಾದ ಪತ್ರ ಬಂದರೆ, ಆ ಪತ್ರದಲ್ಲಿರುವ ದೂರವಾಣಿಗೆ ಬದಲಾಗಿ ಹಳೆಯ ಕಡತದಲ್ಲಿರುವ ದೂರವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ವಾಣಿಜ್ಯ ಸಂಸ್ಥೆಗಳೂ ಈ ವಿಷಯವನ್ನು ಗುಮಾಸ್ತಿಕೆಯೆಂದು ಬದಿಗಿಡಬಾರದು. ರಫ್ತು ಕುರಿತ ತರಬೇತಿ ಶಿಬಿರಗಳಲ್ಲಿ ಸುಂಕ, ವಿಮೆ, ಸಾಗಣೆಗಳಿಗೆ ದೊರೆಯುವ ಸಮಯದ ಒಂದು ಅಂಶವಾದರೂ ಪಾವತಿ ವಿವರದ ಬರವಣಿಗೆಗೆ ದೊರೆಯಬೇಕು. ಸದಸ್ಯರು ವ್ಯವಹರಿಸುವ ಪ್ರತಿಯೊಂದು ದೇಶಕ್ಕೂ ಒಂದು ಪುಟದ ಮಾದರಿ ಸಿದ್ಧಪಡಿಸಿ ಹಂಚುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಲೆಕ್ಕವನ್ನು ಅಚ್ಚುಕಟ್ಟಾಗಿ ಇಡುವುದನ್ನು ಕರ್ನಾಟಕದ ವರ್ತಕ ಸಮುದಾಯ ತಲೆಮಾರುಗಳಿಂದ ಮರ್ಯಾದೆಯ ವಿಷಯವೆಂದೇ ಭಾವಿಸಿದೆ. ಇನ್‌ವಾಯ್ಸ್‌ನ ಕೊನೆಯ ಸಾಲಿಗೂ ಅದೇ ಅಚ್ಚುಕಟ್ಟು ಸಲ್ಲಬೇಕು.